ಪೋಕರಾಕನ ಮುಖ ನೋಡುವ ಬಾಗಿಲು

ಬೆಳ್ಳಾರೆ ಪೇಟೆಯಲ್ಲಿ ಪೈಪು, ಪಂಪು, ನಲ್ಲಿ, ಮೊಳೆ ಮಾರುವ ಅಂಗಡಿಗಳು ನಾಲ್ಕಿದ್ದರೂ ಮಾತಾಡುವ ಬಾಗಿಲು ಇದ್ದದ್ದು ಒಂದೇ ಅಂಗಡಿಗೆ. ಅದು ಊರವರೆಲ್ಲ ಪೋಕರಾಕ ಎಂದು ಕರೆಯುವ ಪೋಕರ್ ಸಾಹುಕಾರರ ರಹ್ಮತ್ ಹಾರ್ಡ್‌ವೇರ್ಸ್. ಆ ಬಾಗಿಲಿನ ದೆಸೆಯಿಂದ ಗುತ್ತಿಗಾರಿನ ತೊಂಬತ್ತೊಂದು ವರ್ಷದ ಅಜ್ಜಿಯೊಬ್ಬರು ಬದುಕಿರುವಾಗಲೇ ತಮ್ಮ ಸಾವಿನ ಸುದ್ದಿ ಕೇಳಬೇಕಾಯಿತು ಎಂದರೆ ಹೊರಗಿನವರು ನಂಬುವುದಿಲ್ಲ. ನಂಬದವರು ಬೆಳ್ಳಾರೆ ಬಸ್ ಸ್ಟ್ಯಾಂಡಿನಲ್ಲಿ ಯಾರನ್ನಾದರೂ ಕೇಳಬಹುದು. ಕೇಳುವ ಮೊದಲು ಕೂರಲು ಜಾಗ ನೋಡಿಕೊಳ್ಳುವುದು ಒಳ್ಳೆಯದು, ಅರ್ಧ ಗಂಟೆಗಿಂತ ಕಡಿಮೆ ಅಲ್ಲಿ ಯಾರೂ ಹೇಳುವುದಿಲ್ಲ.

ಪೋಕರಾಕ ಒಳ್ಳೆಯ ಮನುಷ್ಯ. ಇದ್ದದ್ದು ಒಂದೇ ದೌರ್ಬಲ್ಯ, ಪೇಟೆಗೆ ಯಾವುದೇ ಹೊಸತು ಬರಲಿ, ಅದು ಮೊದಲು ತಮ್ಮಲ್ಲಿಗೆ ಬರಬೇಕು. ಬೆಳ್ಳಾರೆಯ ಅಂಗಡಿಗಳಲ್ಲಿ ಮೊದಲು ಕಂಪ್ಯೂಟರ್ ತಂದವರು ಅವರೇ. ಧೂಳು ಕೂರಬಾರದೆಂದು ಎರಡು ವರ್ಷ ಅದರ ಮೇಲಿನ ಬಟ್ಟೆ ತೆಗೆಯಲು ಯಾರಿಗೂ ಬಿಟ್ಟಿರಲಿಲ್ಲ. ಆಮೇಲೆ ಭವಿತಾ ಎಂಬ ಹುಡುಗಿ ಕೆಲಸಕ್ಕೆ ಬಂದು ಬಟ್ಟೆ ತೆಗೆದಳು.

ಅಂಗಡಿ ನಿಜವಾಗಿ ನಡೆಯುತ್ತಿದ್ದದ್ದು ಕೂಸಪ್ಪನಿಂದ. ಇಪ್ಪತ್ತಾರು ವರ್ಷದಿಂದ ಗುತ್ತಿಗಾರಿನ ಕಡೆಯಿಂದ ಬೆಳಗಿನ ಮೊದಲ ಬಸ್ಸಿಗೆ ಬಂದು ಅಂಗಡಿ ತೆರೆಯುತ್ತಿದ್ದವನು ಅವನೇ. ಬೀಗದ ಕೈ ಅವನ ಉಡಿದಾರದಲ್ಲೇ ನೇತಾಡುತ್ತಿತ್ತು, ಮದುವೆಯ ದಿನ ಕೂಡ ಅದನ್ನು ಬಿಚ್ಚಿಟ್ಟಿರಲಿಲ್ಲವಂತೆ. ಗಿರಾಕಿ ಬಂದು, "ಹಳೆ ಪಂಪಿನ ಬಾಯಿಗೆ ಕೂರುದು, ಹೀಗೆ ಬಗ್ಗಿದ್ದು ಒಂದು ಉಂಟಲ್ಲ" ಎಂದು ಬೆರಳು ಡೊಂಕು ಮಾಡಿದರೆ ಸಾಕು, ಕೂಸಪ್ಪ ಬೆರಳು ನೋಡಿಯೇ ಸಾಮಾನು ತರುತ್ತಿದ್ದ. ಅದರ ಹೆಸರು ಅವನಿಗೂ ಗೊತ್ತಿಲ್ಲ, ಗಿರಾಕಿಗೂ ಗೊತ್ತಿಲ್ಲ. ವ್ಯಾಪಾರ ಚೆನ್ನಾಗಿ ನಡೆಯುತ್ತಿತ್ತು.

ಹೀಗಿರುವಾಗ ಪಂಪಿನ ಕಂಪನಿಯೊಂದು ಪುತ್ತೂರು, ಸುಳ್ಯ, ಕಡಬ ಮೂರೂ ತಾಲೂಕು ಸೇರಿಸಿ ಒಂದು 'ಮಾದರಿ ಡಿಜಿಟಲ್ ಅಂಗಡಿ'ಯನ್ನು ಆರಿಸುತ್ತದೆ ಎಂಬ ಸುದ್ದಿ ಬಂತು. ಅದೇ ವಾರ ಪೋಕರಾಕನ ಅಳಿಯ ಹಾರಿಸ್ ಶಾರ್ಜಾದಿಂದ ರಜೆಯಲ್ಲಿ ಬಂದ. ಅಲ್ಲಿ ಅವನ ಕೆಲಸವೇ ದೊಡ್ಡ ದೊಡ್ಡ ಆಫೀಸುಗಳ ಬಾಗಿಲಿಗೆ ಮುಖ ಗುರುತಿಸುವ ಯಂತ್ರ ಕೂರಿಸುವುದು. ಇನ್ನೇನು ಬೇಕು? ಹಳೆಯ ಬಾಗಿಲು ಹೋಗಿ ಗಾಜಿನ ಬಾಗಿಲು ಬಂತು. ಬಾಗಿಲ ಪಕ್ಕದಲ್ಲಿ ಅಂಗೈಯಷ್ಟು ಅಗಲದ ಕರಿಯ ಯಂತ್ರ ಬಂತು.

"ಮಾಮ, ಇನ್ನು ಬೀಗ ಬೇಡ, ಹಾಜರಿ ಪುಸ್ತಕವೂ ಬೇಡ. ಮುಖ ತೋರಿಸಿದರೆ ಹಾಜರಿ ಬೀಳ್ತದೆ. ಬಾಗಿಲು ತೆರೆಯುದು ಮಾತ್ರ ನಿಮಗೆ ಮತ್ತು ಕೂಸಪ್ಪಣ್ಣನಿಗೆ. ಭವಿತಾಳಿಗೆ ಬರೀ ಹಾಜರಿ," ಎಂದ ಹಾರಿಸ್.

ಪೋಕರಾಕ ಕೂಸಪ್ಪನ ಉಡಿದಾರದಿಂದ ಬೀಗದ ಕೈ ಬಿಚ್ಚಿಸಿಕೊಂಡು, ಗಾಜಿನ ಚೌಕಟ್ಟಿನಲ್ಲಿಟ್ಟು, ಕೆಳಗೆ 'ಹಳೆಯ ಕಾಲ' ಎಂದು ಬರೆಸಿ ಅಂಗಡಿಯ ಒಳಗಿನ ಗೋಡೆಗೆ ತೂಗುಹಾಕಿದರು. ಕರೆಂಟು ಕೈಕೊಟ್ಟರೆ ಹೊರಗಿನಿಂದ ಬಾಗಿಲು ತೆರೆಯಲು ಹೊಸ ಬೀಗಕ್ಕೂ ಒಂದು ಕೈ ಇತ್ತು. ಅದನ್ನೂ ಅದೇ ಚೌಕಟ್ಟಿನಲ್ಲಿಟ್ಟರು, ಜೋಡಿ ಇರಲಿ ಎಂದು. ಬಾಗಿಲಿನ ಕೈಯನ್ನು ಬಾಗಿಲಿನ ಒಳಗಿಟ್ಟು ಹೊರಗೆ ಹೋಗುವುದು ಎಂಥ ದೂರಾಲೋಚನೆ ಎಂಬುದು ಆಗ ಯಾರಿಗೂ ಹೊಳೆಯಲಿಲ್ಲ.

ಬುಧವಾರ ಮುಖ ದಾಖಲಿಸುವ ಹೊತ್ತು ಬಂತು. ಆಗ ಕೂಸಪ್ಪ, "ಹೊಸ ವಸ್ತು ಬಂದಿದೆ, ಎಲೆಅಡಿಕೆ ಹಾಕದೆ ಸುರು ಮಾಡುದು ಸರಿಯಲ್ಲ ಸಾಹುಕಾರ್ರೆ," ಎಂದು ತನ್ನ ಚೀಲ ಬಿಚ್ಚಿದ.

ಪೋಕರಾಕನಿಗೆ ಇಲ್ಲಿ ಒಂದು ತೊಡಕಿತ್ತು. ಮೂರು ತಿಂಗಳ ಹಿಂದೆ ಪುತ್ತೂರಿನ ಹಲ್ಲಿನ ಡಾಕ್ಟರು ಅವರ ಬಾಯಿಯಲ್ಲಿ ಬಿಳಿ ಕಲೆ ನೋಡಿ ಎಲೆಅಡಿಕೆ ಪೂರ್ತಿ ಬಿಡಬೇಕೆಂದು ಹೇಳಿದ್ದರು. ಹೆಂಡತಿ ರುಕಿಯಾಗೆ, ಮಗಳು ಮುಫೀದಾಳ ಎದುರಿನಲ್ಲೇ, ಬಿಟ್ಟೆನೆಂದು ಮಾತು ಕೊಟ್ಟಾಗಿತ್ತು. ಆದರೆ ಶುಭ ಕಾರ್ಯ. "ಅತ್ತೆಗೆ ಹೇಳುದು ಬೇಡ ಮೋನೆ," ಎಂದು ಅಳಿಯನಿಗೆ ಹೇಳಿ, ಎಡ ಕೆನ್ನೆಗೆ ಒಂದು ಒಳ್ಳೆ ಗಾತ್ರದ್ದು ಸೇರಿಸಿದರು. ಕೂಸಪ್ಪನೂ ಸೇರಿಸಿದ. ಭವಿತಾ ಬೇಡ ಎಂದಳು. ಹೀಗೆ ಇಬ್ಬರು ಎಡ ಕೆನ್ನೆ ಉಬ್ಬಿಸಿಕೊಂಡು, ಒಬ್ಬಳು ಇದ್ದ ಹಾಗೆ, ಯಂತ್ರದ ಎದುರು ನಿಂತು ಮುಖ ಕೊಟ್ಟರು. ಯಂತ್ರ ಒಳ್ಳೆಯ ವಿದ್ಯಾರ್ಥಿಯ ಹಾಗೆ ಕೊಟ್ಟದ್ದನ್ನು ಕೊಟ್ಟ ಹಾಗೇ ಕಲಿತುಕೊಂಡಿತು.

ಅಲ್ಲಿಗೇ ನಿಲ್ಲಿಸಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಮಾದರಿ ಅಂಗಡಿ ಎಂದ ಮೇಲೆ ಶಿಸ್ತು ಬೇಡವೇ? ಅದೇ ಸಂಜೆ, ಅಳಿಯ ಶಾರ್ಜಾಕ್ಕೆ ಹೊರಟ ಮೇಲೆ, ಮರುದಿನದಿಂದಲೇ ಅಂಗಡಿಯಲ್ಲಿ ಎಲೆಅಡಿಕೆ ನಿಷೇಧ ಎಂದು ಪೋಕರಾಕ ಬೋರ್ಡು ಹಾಕಿಸಿದರು. ಕೂಸಪ್ಪ ಬೋರ್ಡು ಓದಿದ, ಚೀಲವನ್ನು ಮಡಚಿ ಮನೆಯಲ್ಲೇ ಇಟ್ಟು ಬಂದ. ಇಪ್ಪತ್ತಾರು ವರ್ಷದಲ್ಲಿ ಸಾಹುಕಾರರ ಮಾತನ್ನು ಅವನು ಮೀರಿದವನಲ್ಲ.

ಗುರುವಾರ ಬೆಳಿಗ್ಗೆ ಪೋಕರಾಕ ಬರುವಾಗ ಕೂಸಪ್ಪ ಮೆಟ್ಟಿಲ ಮೇಲೆ ಕೂತಿದ್ದ.

"ಎಂತ ಕೂಸಪ್ಪ, ಒಳಗೆ ಹೋಗ್ಲಿಲ್ವಾ?"

"ಅದು ನನ್ನನ್ನು ಗೊತ್ತಿಲ್ಲ ಹೇಳ್ತದೆ."

ಪೋಕರಾಕ ಅವನನ್ನು ಯಂತ್ರದ ಎದುರು ನಿಲ್ಲಿಸಿದರು. ಅದರೊಳಗಿನಿಂದ ಒಬ್ಬ ಹೆಂಗಸು ಬಹಳ ಮರ್ಯಾದೆಯಿಂದ, "ಗುರುತು ಸಿಗಲಿಲ್ಲ. ದಯವಿಟ್ಟು ಮಾಲೀಕರನ್ನು ಸಂಪರ್ಕಿಸಿ," ಎಂದಳು. ಮಾಲೀಕರು ಪಕ್ಕದಲ್ಲೇ ಇದ್ದರು. ಅವರು ತಮ್ಮ ಮುಖ ತೋರಿಸಿದರು. "ಸ್ವಾಗತ, ಪೋಕರ್," ಎಂದು ಬಾಗಿಲು ತೆರೆಯಿತು. ಭವಿತಾ ಬಂದಳು. "ಸ್ವಾಗತ, ಭವಿತಾ."

ಪೋಕರಾಕನಿಗೆ ಯಾಕೆ ತೆರೆಯಿತು ಎಂಬ ಗುಟ್ಟನ್ನು ಓದುಗರಿಂದ ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಬುಧವಾರ ಹಾಕಿದ ಒಂದು ಎಲೆಅಡಿಕೆ ಮೂರು ತಿಂಗಳ ವ್ರತವನ್ನು ಕೆಡಿಸಿತ್ತು. ಮನೆಯಿಂದ ಅಂಗಡಿಗೆ ಕಾರಿನಲ್ಲಿ ಬರುವ ಹತ್ತು ನಿಮಿಷದಲ್ಲಿ ಅವರು ಗುಟ್ಟಾಗಿ ಒಂದು ಹಾಕಿಕೊಳ್ಳುತ್ತಿದ್ದರು. ಬಾಗಿಲು ತೆರೆದ ಕೂಡಲೇ ಹಿಂದಿನ ಬಚ್ಚಲಿಗೆ ಹೋಗಿ ಉಗಿದು, ಬಾಯಿ ಮುಕ್ಕಳಿಸಿ, ಬೋರ್ಡಿನ ಕೆಳಗೆ ಬಂದು ಕೂರುತ್ತಿದ್ದರು. ನಿಷೇಧ ಇದ್ದದ್ದು ಅಂಗಡಿಯಲ್ಲಿ, ಕಾರಿನಲ್ಲಿ ಅಲ್ಲವಲ್ಲ.

ಪಾಪ, ಅವರಿಗೂ ಈ ಸಂಬಂಧ ಹೊಳೆದಿರಲಿಲ್ಲ. ಹಾಗಾಗಿ ಶಾರ್ಜಾಕ್ಕೆ ಮರಳಿದ್ದ ಹಾರಿಸ್‌ಗೆ ಫೋನು ಮಾಡಿದರು.

"ನಿಮಗೆ ತೆರೆಯುತ್ತದಾ ಮಾಮ?"

"ಫಸ್ಟ್ ಕ್ಲಾಸ್ ತೆರೆಯುತ್ತದೆ."

"ಹಾಗಾದ್ರೆ ಮೆಷಿನ್ ಸರಿ ಉಂಟು. ಅವರ ಮುಖದಲ್ಲಿ ಎಂತದೋ ಬದಲಾಗಿರಬೇಕು."

ಯಂತ್ರ ಸರಿ ಇದೆ ಎಂದ ಮೇಲೆ ತಪ್ಪು ಕೂಸಪ್ಪನ ಮುಖದ್ದೇ ಎಂದಾಯಿತು. ಪೋಕರಾಕ ಆ ಮುಖವನ್ನು ರಿಪೇರಿ ಮಾಡಲು ಹೊರಟರು. ಮೊದಲು ಪೌಡರ್ ಹಾಕಿ ಬರಲು ಹೇಳಿದರು. ಕೂಸಪ್ಪ ಹಾಕಿ ಬಂದ. ಗುರುತು ಸಿಗಲಿಲ್ಲ. ಬೈತಲೆ ಬಲಕ್ಕೆ ತೆಗೆದು ಬರಲು ಹೇಳಿದರು. ಸಿಗಲಿಲ್ಲ. ನಗು ಎಂದರು. ಬೆಳಿಗ್ಗೆ ಎಂಟು ಗಂಟೆಗೆ ಗಾಜಿನ ಬಾಗಿಲಿಗೆ ಹಲ್ಲು ಕಿಸಿದು ನಿಂತ ಕೂಸಪ್ಪನನ್ನು ಪುತ್ತೂರು ಬಸ್ಸಿನವರೆಲ್ಲ ನೋಡಿದರು, ಯಂತ್ರ ಮಾತ್ರ ನೋಡಲಿಲ್ಲ.

ಹಾಜರಿ ಪಟ್ಟಿಯಲ್ಲಿ ಅವನ ಹೆಸರಿನ ಎದುರು ದಿನವೂ ಕೆಂಪು ಗೆರೆ ಬೀಳುತ್ತಿತ್ತು. ಹಗಲಿಡೀ ಬಾಗಿಲಿಗೆ ನಾಲ್ಕಿಂಚಿನ ಪೈಪಿನ ತುಂಡು ಕೊಟ್ಟು ತೆರೆದೇ ಇಡುತ್ತಿದ್ದುದರಿಂದ ಕೆಲಸಕ್ಕೆ ಅಡ್ಡಿ ಇರಲಿಲ್ಲ. ಅಡ್ಡಿ ಇದ್ದದ್ದು ಕೂಸಪ್ಪನ ಮನಸ್ಸಿಗೆ. "ಆರು ತಿಂಗಳ ಹಿಂದೆ ಬಂದ ಭವಿತಾಳನ್ನು ಹೆಸರು ಹಿಡಿದು ಕರೀತದೆ. ನಾನು ಯಾರು ಅಂತಲೇ ಗೊತ್ತಿಲ್ಲ ಹೇಳ್ತದೆ," ಎಂದು ಒಮ್ಮೆ ಮೆಲ್ಲಗೆ ಹೇಳಿದ. ಪೋಕರಾಕ ಕೇಳಿಸಿಕೊಳ್ಳಲಿಲ್ಲ. ಕಂಪನಿಯ ಆಫೀಸರು ಬರುವ ದಿನ ಗೊತ್ತಾಗಿತ್ತು, ಅಷ್ಟರೊಳಗೆ ಪಟ್ಟಿಯಲ್ಲಿ ಕೆಂಪು ಗೆರೆ ಹೋಗಬೇಕಿತ್ತು.

ಮರುವಾರದ ಶನಿವಾರ ಸಂಜೆ ಅವರು ಕೊನೆಯ ಮದ್ದು ಹೇಳಿದರು. "ಕೂಸಪ್ಪ, ಆ ಮೀಸೆ ತೆಗೆದು ನೋಡು."

ಭಾನುವಾರ ಕೂಸಪ್ಪನಿಗೆ ರಜೆ. ಅವನು ಬೆಳಿಗ್ಗೆಯೇ ಗುತ್ತಿಗಾರಿನ ಸೆಲೂನಿಗೆ ಹೋಗಿ, ಮೂವತ್ತು ವರ್ಷದ ಮೀಸೆ ತೆಗೆಸಿ, ತಲೆ ತಗ್ಗಿಸಿ ಮನೆಗೆ ನಡೆದ.

ನಮ್ಮ ಕಡೆ ಮೀಸೆಯ ಗಂಡಸು ಒಂದು ಬೆಳಿಗ್ಗೆ ಮೀಸೆ ಬೋಳಿಸಿ ತಲೆ ತಗ್ಗಿಸಿ ಹೊರಟರೆ ಅದಕ್ಕೆ ಅರ್ಥ ಒಂದೇ. ಅಪ್ಪನೋ ಅಮ್ಮನೋ ತೀರಿಕೊಂಡಿದ್ದಾರೆ. ಕೂಸಪ್ಪನ ಅಪ್ಪ ಹೋಗಿ ಇಪ್ಪತ್ತು ವರ್ಷವಾಗಿತ್ತು. ಉಳಿದವರು ಅಮ್ಮ ಪೂವಕ್ಕ. ಸೆಲೂನಿನ ಎದುರು ನಿಂತಿದ್ದವನೊಬ್ಬ ಅವನ ಹತ್ತಿರ ಕೇಳುವುದು ಸರಿಯಲ್ಲವೆಂದು ಕೇಳದೆ, ಬೇರೆ ಎಲ್ಲರಿಗೂ ಹೇಳಿದ. ಹತ್ತು ಗಂಟೆಗೆ ವಾಟ್ಸಾಪಿನಲ್ಲಿ ಪೂವಕ್ಕನ ಫೋಟೋ ಬಂತು. ಹತ್ತೂಕಾಲಿಗೆ ಅದರ ಕೆಳಗೆ ನಲವತ್ತೆರಡು ಓಂ ಶಾಂತಿ.

ಪೋಕರಾಕ ಫೋಟೋ ನೋಡಿ ತತ್ತರಿಸಿಹೋದರು. ನಿನ್ನೆ ಸಂಜೆ ತಾವು ಮೀಸೆ ತೆಗೆ ಎಂದದ್ದು, ಇವತ್ತು ಬೆಳಿಗ್ಗೆ ಅವನ ತಾಯಿ ಹೋದದ್ದು. "ಯಾ ಅಲ್ಲಾ, ನನ್ನ ನಾಲಗೆ," ಎಂದು ಕುರ್ಚಿಯಲ್ಲಿ ಕುಸಿದರು. ಮೀಸೆ ಹೋದದ್ದರಿಂದಲೇ ಸಾವಿನ ಸುದ್ದಿ ಹುಟ್ಟಿದೆ ಎಂಬ ಯೋಚನೆ ಅವರಿಗೆ ಬರಲೇ ಇಲ್ಲ. ಕೂಡಲೇ ಅಂಗಡಿಯ ಬಾಗಿಲಿಗೆ 'ನಮ್ಮ ಕೂಸಪ್ಪರ ಮಾತೃವಿಯೋಗದ ನಿಮಿತ್ತ ರಜೆ' ಎಂದು ಬರೆದು ಅಂಟಿಸಿದರು. ಪುತ್ತೂರಿನಿಂದ ದೊಡ್ಡ ಸೇವಂತಿಗೆ ಹಾರ ತರಿಸಿ, 'ರಹ್ಮತ್ ಹಾರ್ಡ್‌ವೇರ್ಸ್ ಬಳಗ' ಎಂಬ ಪಟ್ಟಿ ಕಟ್ಟಿಸಿ, ತಾವೇ ಹೋಗಿ ಕೂಸಪ್ಪನ ಮುಖ ನೋಡಲು ಧೈರ್ಯವಾಗದೆ, ಜೀಪಿನಲ್ಲಿ ಕಳಿಸಿಕೊಟ್ಟರು. ಅಲ್ಲಿಯವರೆಗೆ ಅನುಮಾನವಿದ್ದವರಿಗೂ ಬಾಗಿಲಿನ ಕಾಗದ ನೋಡಿ ಅನುಮಾನ ಪರಿಹಾರವಾಯಿತು.

ಗುತ್ತಿಗಾರಿನಲ್ಲಿ ಮೊದಲು ಬಂದವರು ನೆರೆಮನೆಯ ಬೋಜಪ್ಪ. ಪಿಕಪ್ಪಿನಲ್ಲಿ ಮರ ಕೊಯ್ಯುವ ಮೆಷಿನ್ನು ಹಾಕಿಕೊಂಡೇ ಬಂದಿದ್ದರು. ಚಿತೆಗೆ ಮಾವಿನ ಮರ ಬೇಕು, ಮೆಷಿನ್ನು ಇದ್ದವನು ಕರೆಸಿಕೊಳ್ಳುವ ತನಕ ಕಾಯಬಾರದು ಎಂಬ ಪದ್ಧತಿ ತಿಳಿದವರು ಅವರು. ಅಂಗಳದ ಮೂಲೆಯ ಮರದ ಬುಡಕ್ಕೆ ಹೋಗಿ ಮೆಷಿನ್ನಿನ ಹಗ್ಗ ಎಳೆದದ್ದೇ ತಡ, ಜಗಲಿಯಿಂದ ಅಂಗಳ ಗುಡಿಸುವ ಹಿಡಿಸೂಡಿ ಹಿಡಿದು ಒಬ್ಬರು ಇಳಿದು ಬಂದರು.

"ಯಾರದು ನನ್ನ ಮರಕ್ಕೆ ಕೈ ಹಾಕುದು?"

ಬೋಜಪ್ಪನ ಕೈಯಿಂದ ಹಗ್ಗ ಜಾರಿತು. ಅವರು ಎರಡು ಹೆಜ್ಜೆ ಹಿಂದೆ ಬಂದು, "ಪೂವಕ್ಕ, ನೀವು ಸತ್ತದ್ದಲ್ವಾ?" ಎಂದರು.

"ಯಾರು ಹೇಳಿದ್ದು?"

"ಎಲ್ಲರೂ ಹೇಳ್ತಾರೆ ಮಾರಾಯ್ತಿ. ಪೇಟೆಯಲ್ಲಿ ಅಂಗಡಿಯೇ ಮುಚ್ಚಿದ್ದಾರೆ."

"ನನ್ನ ಹತ್ರ ಒಂದು ಮಾತು ಕೇಳ್ಬಹುದಿತ್ತಲ್ಲ," ಎಂದರು ಪೂವಕ್ಕ. ಇದು ನ್ಯಾಯವಾದ ಮಾತು. ಅಷ್ಟರಲ್ಲಿ ಎರಡು ಆಟೋ, ಒಂದು ಜೀಪು ಜನ ಬಂದಿಳಿದರು. ಅಳುತ್ತಾ ಇಳಿದ ಹೆಂಗಸರು ಪೂವಕ್ಕನನ್ನು ಕಂಡು, ಬಂದ ಅಳುವನ್ನು ಏನು ಮಾಡುವುದೆಂದು ತಿಳಿಯದೆ ನಿಂತರು. ಹಿಂದಿನಿಂದ ಸೇವಂತಿಗೆ ಹಾರ ಬಂತು. ಕಣ್ಣು ಮಂಜಾಗಿದ್ದ ಪೂವಕ್ಕ ಅದನ್ನು ಮುಟ್ಟಿ ನೋಡಿ, "ಇದನ್ನು ಕಳಿಸಿದ್ದು ಯಾರು?" ಎಂದರು.

ಕೂಸಪ್ಪ ಆಗ ಎಲ್ಲವನ್ನೂ ಹೇಳಬೇಕಾಯಿತು. ಯಂತ್ರ, ಪೌಡರು, ನಗು, ಮೀಸೆ. ಪೂವಕ್ಕ ಮಗನ ಬೋಳು ತುಟಿಯ ಮೇಲೆ ಒಮ್ಮೆ ಕೈಯಾಡಿಸಿ, ಒಳಗೆ ಹೋದರು.

ಸೋಮವಾರ ಪೋಕರಾಕನಿಗೆ ಕೂಸಪ್ಪನ ಫೋನು ಬಂತು. "ಅಮ್ಮ ಬದುಕಿದ್ದಾರೆ ಸಾಹುಕಾರ್ರೆ. ಇನ್ನು ಅಲ್ಲಿಗೆ ಹೋಗುದು ಬೇಡ ಹೇಳಿದ್ದಾರೆ. ನನ್ನ ಗುರುತು ಇಲ್ಲದಲ್ಲಿ ನಾನು ಎಂತ ಮಾಡುದು? ಸುಳ್ಯದಲ್ಲಿ ಒಂದು ಅಂಗಡಿಯವರು ಕರೆದಿದ್ದಾರೆ. ಒಂದನೇ ತಾರೀಕಿಗೆ ಅಲ್ಲಿಗೆ."

ಕೂಡಲೇ ಗುತ್ತಿಗಾರಿಗೆ ಹೋಗಬೇಕೆಂದು ಪೋಕರಾಕನಿಗೆ ಅನಿಸಿತು. ಆದರೆ ಶನಿವಾರ ಆಫೀಸರು ಬರುವವರಿದ್ದರು. ಮೊದಲು ಅದು ಮುಗಿಯಲಿ ಎಂದುಕೊಂಡರು. ಆ ವಾರ ಅಂಗಡಿ ಯಂತ್ರದಿಂದಲೇ ನಡೆಯಿತು, ಅಂದರೆ ನಡೆಯಲಿಲ್ಲ. ಕಾಡಾನೆ ತುಳಿದು ಒಡೆದ ತೋಟದ ಪೈಪಿಗಾಗಿ ಬೋಜಪ್ಪ ಬಂದು, "ಆನೆ ತುಳಿದದ್ದಕ್ಕೆ ಹಾಕುದು ಕೊಡಿ, ಕಳೆದ ಸಲ ಕೂಸಪ್ಪ ಕೊಟ್ಟದ್ದು," ಎಂದರು. ಭವಿತಾ ಕಂಪ್ಯೂಟರಿನಲ್ಲಿ ಹುಡುಕಿದಳು.

"ಸರ್, ಆನೆ ತುಳಿದದ್ದು ಅಂತ ಇಲ್ಲ."

"ಆನೆ ಅಂತ ಹಾಕಿ ನೋಡು," ಎಂದರು ಪೋಕರಾಕ.

ಆನೆ ಎಂದು ಹಾಕಿದರೆ ಆನೆ ಗುರುತಿನ ಪೇಂಟಿನ ಡಬ್ಬ ಬಂತು. ಬೋಜಪ್ಪ ಎದುರಿನ ಅಂಗಡಿಗೆ ಹೋದರು. ಅವರ ಹಿಂದೆ, ಬೆರಳು ಡೊಂಕು ಮಾಡುತ್ತಾ ಬಂದವರೆಲ್ಲ ಬೆರಳು ನೆಟ್ಟಗೆ ಮಾಡಿಕೊಂಡು ಹೋದರು. ಶುಕ್ರವಾರ ಸಂಜೆಯ ಹೊತ್ತಿಗೆ ಪೋಕರಾಕನಿಗೆ ನಿಜವಾಗಿಯೂ ಹೆದರಿಕೆಯಾಗಿತ್ತು. ಕೂಸಪ್ಪ ಹೋದರೆ ಅಂಗಡಿಯಲ್ಲಿ ಉಳಿಯುವುದು ಬಾಗಿಲು ಮಾತ್ರ ಎಂದು ಅವರಿಗೆ ಅರ್ಥವಾಗತೊಡಗಿತ್ತು.

ಶನಿವಾರ ಬೆಳಿಗ್ಗೆ ರುಕಿಯಾ ಹೊಸ ಶಾಲು ಹೊದ್ದು ಕಾರಿನಲ್ಲಿ ಬಂದು ಕೂತರು. "ಅಷ್ಟು ದೊಡ್ಡ ಮರ್ಯಾದೆ ಮಾಡುವಾಗ ನಾನು ನೋಡುದು ಬೇಡ್ವಾ?" ಎಂದರು. ಬೇಡ ಎನ್ನಲು ಬಾಯಿ ಬರಲಿಲ್ಲ. ಹೆಂಡತಿ ಪಕ್ಕದಲ್ಲಿ ಕೂತ ಕಾರಿನಲ್ಲಿ ಎಲೆಅಡಿಕೆಯ ಪೊಟ್ಟಣ ಸೀಟಿನ ಅಡಿಯಲ್ಲೇ ಉಳಿಯಿತು.

ಅಂಗಡಿಯ ಎದುರು ಪುತ್ತೂರಿನಿಂದ ಬಂದ ಆಫೀಸರು ಉದಯಶಂಕರ ಫಾರಂ ಹಿಡಿದು ನಿಂತಿದ್ದರು. ಭವಿತಾ ಇದ್ದಳು. ಎದುರಿನ ಅಂಗಡಿಯವರೂ, ಬಸ್ಸಿಗೆ ಕಾಯುವವರೂ ಇದ್ದರು.

"ನೀವೇ ತೆರೆದು ತೋರಿಸಿ," ಎಂದರು ಆಫೀಸರು.

ಪೋಕರಾಕ ಟೊಪ್ಪಿ ಸರಿಮಾಡಿಕೊಂಡು ಗಂಭೀರವಾಗಿ ಯಂತ್ರದ ಎದುರು ನಿಂತರು.

"ಗುರುತು ಸಿಗಲಿಲ್ಲ. ದಯವಿಟ್ಟು ಮಾಲೀಕರನ್ನು ಸಂಪರ್ಕಿಸಿ."

ಬಸ್ಸಿಗೆ ಕಾಯುವವರು ಹತ್ತಿರ ಬಂದರು. ಪೋಕರಾಕ ಮತ್ತೆ ನಿಂತರು. ಟೊಪ್ಪಿ ತೆಗೆದು ನಿಂತರು. ಕನ್ನಡಕ ತೆಗೆದು ನಿಂತರು. ಕೊನೆಗೆ, ಬೇರೆ ದಾರಿ ಕಾಣದೆ, ನಕ್ಕರು. ಯಂತ್ರ ಪ್ರತಿ ಸಲವೂ ಅದೇ ಮರ್ಯಾದೆಯಿಂದ ಮಾಲೀಕರನ್ನು ಸಂಪರ್ಕಿಸಲು ಹೇಳಿತು. ಗಾಜಿನ ಆಚೆ, ಗೋಡೆಯ ಮೇಲೆ, 'ಹಳೆಯ ಕಾಲ'ದ ಚೌಕಟ್ಟಿನಲ್ಲಿ ಎರಡೂ ಬೀಗದ ಕೈಗಳು ಚೆನ್ನಾಗಿ ಕಾಣುತ್ತಿದ್ದವು.

"ನಾನೇ ಮಾಲೀಕ," ಎಂದರು ಪೋಕರಾಕ ಯಂತ್ರಕ್ಕೆ.

ಅದೇ ಹೊತ್ತಿಗೆ ಗುತ್ತಿಗಾರು ಬಸ್ಸಿನಿಂದ ಕೂಸಪ್ಪ ಇಳಿದ. ಒಳಗೆ ಬಿಟ್ಟಿದ್ದ ಕೊಡೆ, ಬುತ್ತಿಪಾತ್ರೆ, ಸ್ಕ್ರೂಡ್ರೈವರ್ ತೆಗೆದುಕೊಂಡು ಹೋಗಲು ಬಂದಿದ್ದ. ಕೆಲಸ ಬಿಟ್ಟವನಿಗೆ ಬೋರ್ಡಿನ ಹಂಗಿಲ್ಲವಾದ್ದರಿಂದ ಎಡ ಕೆನ್ನೆಯಲ್ಲಿ ಒಂದು ಒಳ್ಳೆ ಗಾತ್ರದ್ದು ಇತ್ತು. ಗುಂಪು ದಾರಿ ಬಿಟ್ಟಿತು. ಅವನು ಬಾಗಿಲ ಹತ್ತಿರ ಬಂದದ್ದೇ ತಡ, "ಸ್ವಾಗತ, ಕೂಸಪ್ಪ," ಎಂದು ಬಾಗಿಲು ತೆರೆದುಕೊಂಡಿತು.

ಎಲ್ಲರಿಗಿಂತ ಹೆಚ್ಚು ದಂಗಾದವನು ಕೂಸಪ್ಪನೇ. ಮೀಸೆ ಇದ್ದಾಗ ಗೊತ್ತಿಲ್ಲ ಎಂದದ್ದು ಮೀಸೆ ಹೋಗಿ, ಕೆಲಸವೂ ಹೋದ ಮೇಲೆ ಹೆಸರು ಹಿಡಿದು ಕರೆಯುತ್ತಿದೆ.

"ಸರ್, ಇದು ವಿಚಿತ್ರ," ಎಂದಳು ಭವಿತಾ, ಮೊಬೈಲ್ ನೋಡುತ್ತಾ. ಅವಳಲ್ಲಿ ಕಪಟವಿಲ್ಲ, ಇದ್ದದ್ದು ಕುತೂಹಲ. "ಈ ಹದಿನಾರು ದಿನವೂ ನಿಮ್ಮ ಗುರುತು ಸಿಕ್ಕಿದೆ. ಬಾಗಿಲು ತೆರೆದಾಗಲೆಲ್ಲ ಅದು ಒಂದು ಫೋಟೋ ತೆಗೀತದೆ. ಎಲ್ಲ ಇಲ್ಲೇ ಉಂಟು, ನೋಡಿ."

ಪೋಕರಾಕನಿಗಿಂತ ಮೊದಲು ರುಕಿಯಾ ನೋಡಿದರು. ಹದಿನಾರು ಬೆಳಿಗ್ಗೆಯ ಹದಿನಾರು ಪೋಕರಾಕಂದಿರು, ಒಬ್ಬೊಬ್ಬರ ಎಡ ಕೆನ್ನೆಯಲ್ಲೂ ಒಂದೊಂದು ಉಬ್ಬು. ರುಕಿಯಾ ಒಂದನ್ನೂ ಬಿಡದೆ ಬೆರಳಿನಿಂದ ಸರಿಸಿ ನೋಡಿದರು. ಆಮೇಲೆ ಕೂಸಪ್ಪನ ಕೆನ್ನೆ ನೋಡಿದರು. ಆಮೇಲೆ ಗಂಡನ ಚಪ್ಪಟೆ ಕೆನ್ನೆ ನೋಡಿದರು. ಹಾರಿಸ್‌ಗೆ, ಕಂಪನಿಗೆ, ಇಡೀ ಬೆಳ್ಳಾರೆಗೆ ಹೊಳೆಯದ್ದು ಅವರಿಗೆ ಅರ್ಧ ನಿಮಿಷದಲ್ಲಿ ಹೊಳೆಯಿತು.

"ಡಾಕ್ಟರು ಬಾಯಿ ನೋಡಿ ಎಂತ ಹೇಳಿದ್ದು, ನೆನಪುಂಟಾ ನಿಮಗೆ?" ಎಂದರು. ದೊಡ್ಡ ಸ್ವರದಲ್ಲಿ ಹೇಳಲಿಲ್ಲ. ಅವರ ಕಣ್ಣಿನಲ್ಲಿ ನೀರಿತ್ತು. ಪೋಕರಾಕ ನೆಲ ನೋಡಿದರು.

ಉದಯಶಂಕರ ಫಾರಂ ಮೇಲೆ ಪೆನ್ನು ಹಿಡಿದು ಕಾಲಂ ಹುಡುಕಿದರು. "ಇದರಲ್ಲಿ ಯಂತ್ರದ ದೋಷ, ಕರೆಂಟಿನ ದೋಷ, ನೆಟ್‌ವರ್ಕಿನ ದೋಷ ಅಂತ ಮೂರು ಕಾಲಂ ಉಂಟು. ನಿಮ್ಮದನ್ನು ಎಲ್ಲಿ ಬರೆಯುದು?" ಎಂದು ಕೇಳಿ, ಕಡಬದ ಕಡೆ ಇನ್ನೊಂದು ಅಂಗಡಿ ನೋಡಲಿಕ್ಕುಂಟು ಎಂದು ಹೊರಟುಹೋದರು.

ಶಾರ್ಜಾದಿಂದ ಹಾರಿಸ್ ಫೋನಿನಲ್ಲಿ, "ಮುಖ ಪುನಃ ಹಾಕುದು ಎರಡು ನಿಮಿಷದ ಕೆಲಸ ಮಾಮ. ಎಲೆಅಡಿಕೆ ಬಂದ್ ಮಾಡಿದ್ದು ಒಂದು ಮಾತು ಹೇಳ್ಬಹುದಿತ್ತಲ್ಲ," ಎಂದ. ಎಲ್ಲರೂ ಹೀಗೇ ಹೇಳುತ್ತಿದ್ದರು, ಒಂದು ಮಾತು ಕೇಳಬಹುದಿತ್ತು, ಹೇಳಬಹುದಿತ್ತು ಎಂದು.

ಪೋಕರಾಕ ಚೌಕಟ್ಟು ಇಳಿಸಿ ಎರಡೂ ಬೀಗದ ಕೈಗಳನ್ನು ಕೂಸಪ್ಪನ ಮುಂದೆ ಹಿಡಿದರು. ಕೂಸಪ್ಪ ಕೊಡೆ ಬಗಲಿಗೆ ಸಿಕ್ಕಿಸಿಕೊಂಡು, "ನನಗೆ ಯಾಕೆ ಸಾಹುಕಾರ್ರೆ? ಅಮ್ಮ ಬೇಡ ಹೇಳಿದ್ದಾರಲ್ಲ," ಎಂದು ಬಸ್ಸು ಹತ್ತಿದ.

ಆ ಸಂಜೆಯೇ ಪೋಕರಾಕ ಬೀಗದ ಕೈಗಳನ್ನು ಜೇಬಿಗೆ ಹಾಕಿಕೊಂಡು ರುಕಿಯಾಳೊಂದಿಗೆ ಗುತ್ತಿಗಾರಿಗೆ ಹೋದರು. ಜಗಲಿಯ ಗೋಡೆಯಲ್ಲಿ, ಕ್ಯಾಲೆಂಡರಿನ ಮೊಳೆಗೆ, 'ರಹ್ಮತ್ ಹಾರ್ಡ್‌ವೇರ್ಸ್ ಬಳಗ'ದ ಹಾರ ಬಾಡಿ ನೇತಾಡುತ್ತಿತ್ತು. ಕೆಳಗೆ ಪೂವಕ್ಕ ಚಾಪೆಯ ಮೇಲೆ ಕೂತು ಅಲಸಂಡೆ ಬಿಡಿಸುತ್ತಿದ್ದರು.

"ತಪ್ಪಾಯಿತಮ್ಮ," ಎಂದರು ಪೋಕರಾಕ.

ಪೂವಕ್ಕ ಹಾಗೆ ಅಂದದ್ದು ಯಾರೆಂದು ಕೇಳಲಿಲ್ಲ, ಸ್ವರ ಅವರಿಗೆ ಗೊತ್ತಿತ್ತು. ಮನೆಗೆ ಬಂದವರಿಗೆ ಮೊದಲು ಕೊಡುವುದನ್ನು ಕೊಡಬೇಕು. ತಡಕಾಡಿ ಎಲೆಅಡಿಕೆಯ ಬಟ್ಟಲು ಮುಂದಿಟ್ಟರು. ಪೋಕರಾಕನ ಕೈ ಅಭ್ಯಾಸದಿಂದ ಮುಂದೆ ಹೋಗಿ, ಪಕ್ಕದವರ ಉಸಿರಾಟ ಕೇಳಿ ಹಿಂದೆ ಬಂತು.

"ಅವರಿಗೆ ಬೇಡಮ್ಮ, ನನಗೆ ಕೊಡಿ," ಎಂದು ರುಕಿಯಾ ಬಟ್ಟಲು ಮುಟ್ಟಿ, ಒಂದು ಎಲೆ ತೆಗೆದುಕೊಂಡರು.

ಪೂವಕ್ಕ ಬಿಡಿಸುತ್ತಿದ್ದುದನ್ನು ನಿಲ್ಲಿಸಿದರು. "ಎಲೆ ಬೇಡ ಹೇಳುವ ಪೋಕರ ಯಾವನು?" ಎಂದು ಕೈ ಚಾಚಿ ಅವರ ಮುಖ ಸವರಿದರು. ಹಣೆ, ಮೂಗು, ಗಡ್ಡ. ಎಡ ಕೆನ್ನೆಯ ಹತ್ತಿರ ಕೈ ನಿಂತಿತು. ಎರಡು ಸಲ ಒತ್ತಿ ನೋಡಿದರು.

"ಇಲ್ಲಪ್ಪ. ಗುರುತು ಸಿಗುದಿಲ್ಲ," ಎಂದರು.

ಪೋಕರಾಕ ಬೆಚ್ಚಿಬಿದ್ದರು. ಇಪ್ಪತ್ತಾರು ವರ್ಷದ ಮೊದಲು ಇದೇ ಜಗಲಿಯಲ್ಲಿ ಕೂತು, ಮಗನನ್ನು ಅಂಗಡಿಗೆ ಕಳಿಸಿಕೊಡಿ ಎಂದು ಕೇಳಿದ್ದವರು ಅವರು. ನಾನೇ ಎಂದು ಬೆಳಿಗ್ಗೆ ಬಾಗಿಲಿಗೂ ಹೇಳಿ ಆಗಿತ್ತು. ಅಂಗಡಿಯ ಮೆಟ್ಟಿಲ ಮೇಲೆ ಕೂಸಪ್ಪ ದಿನವೂ ಯಾಕೆ ಹಾಗೆ ಕೂತಿರುತ್ತಿದ್ದ ಎಂದು ಅವರಿಗೆ ಈಗ ಗೊತ್ತಾಯಿತು.

ಬಾಗಿಲ ಹತ್ತಿರ ನಿಂತಿದ್ದ ಕೂಸಪ್ಪ ಸಾಹುಕಾರರ ಮುಖ ನೋಡಿದ. ಆಮೇಲೆ ಬಂದು ಅಮ್ಮನ ಪಕ್ಕ ಕುಕ್ಕರುಗಾಲಲ್ಲಿ ಕೂತ.

"ನಮ್ಮ ಸಾಹುಕಾರ್ರೇ ಅಮ್ಮ. ನನಗೆ ಗೊತ್ತುಂಟು," ಎಂದು ಹೇಳಿ, ಬೀಗದ ಕೈಗಾಗಿ ಅಂಗೈ ಚಾಚಿದ.